ಒದೆಯುವ ಗೇರ್‌ಬಾಕ್ಸನ್ನೆಲ್ಲ ಬಿಚ್ಚಬೇಕಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ವಾಹನ ಅಂಕಣದಲ್ಲಿ ಟ್ರಕ್ ಮಾಲೀಕರೊಬ್ಬರ ಪ್ರಶ್ನೆಯನ್ನೂ ಅದಕ್ಕೆ ಅಂಕಣಕಾರರು ಕೊಟ್ಟ ಉತ್ತರವನ್ನೂ ಓದಿ ಈ ಪತ್ರ ಬರೆಯುತ್ತಿದ್ದೇನೆ. ಪ್ರಶ್ನೆ ನಾಲ್ಕೇ ಸಾಲಿನದು. ತಮ್ಮ ಟ್ರಕ್ಕಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೊರಟ ಮೊದಲ ಅರ್ಧ ಗಂಟೆ ಸರಿಯಾಗಿರುತ್ತದೆ, ಬಿಸಿಯೇರಿದ ಮೇಲೆ ಪ್ರತಿಯೊಂದು ಗೇರ್ ಬಿದ್ದಾಗಲೂ ಹಿಂದಿನಿಂದ ಯಾರೋ ಒದ್ದ ಹಾಗಾಗುತ್ತದೆ, ಎಂಜಿನ್ ಮಾತ್ರ ಸುಮ್ಮಸುಮ್ಮನೆ ರೇಸ್ ಏರುವುದಿಲ್ಲ, ಗಾಡಿಯನ್ನು ಬದಿಗೆ ಹಾಕಿ ಕೀಲಿ ತೆಗೆದು ಮತ್ತೆ ಚಾಲೂ ಮಾಡಿದರೆ ಒಂದಷ್ಟು ದೂರ ತೊಂದರೆಯೇ ಇರುವುದಿಲ್ಲ ಎಂದು ಅವರು ಬರೆದಿದ್ದರು. ಉತ್ತರ ಇನ್ನೂ ಚಿಕ್ಕದು. ಒಳಗಿನ ಕ್ಲಚ್ ಪ್ಲೇಟುಗಳು ಸವೆದಿವೆ, ಗೇರ್‌ಬಾಕ್ಸ್ ಇಳಿಸಿ ಓವರ್‌ಹಾಲ್ ಮಾಡಿಸಿ ಎಂದಷ್ಟೇ ಅದರಲ್ಲಿತ್ತು.

ಮೂವತ್ತು ವರ್ಷಕ್ಕೂ ಮಿಕ್ಕಿ ಇಂಥ ಗೇರ್‌ಬಾಕ್ಸುಗಳನ್ನು ಇಳಿಸಿ, ಬಿಚ್ಚಿ, ಜೋಡಿಸಿ, ಮತ್ತೆ ಏರಿಸಿದ ಕೆಲಸಗಾರನಾಗಿ, ಈ ಉತ್ತರವನ್ನು ಹಾಗೆಯೇ ಬಿಡಲು ನನಗೆ ಮನಸ್ಸಾಗಲಿಲ್ಲ. ಅಂಕಣಕಾರರನ್ನು ದೂರುವುದು ನನ್ನ ಉದ್ದೇಶವಲ್ಲ. ಒದೆಯುತ್ತಿದೆ ಎಂದ ಕೂಡಲೇ ಪ್ಲೇಟು ಹೋಗಿದೆ ಎನ್ನುವುದು ಗ್ಯಾರೇಜುಗಳಲ್ಲೂ ಬಾಯಿಪಾಠವಾಗಿರುವ ಮಾತು. ಆದರೆ ಆ ಓದುಗರ ನಾಲ್ಕು ಸಾಲುಗಳಲ್ಲಿ ನಾಲ್ಕು ಸುಳಿವುಗಳಿದ್ದವು, ಮತ್ತು ಅವುಗಳಲ್ಲಿ ಒಂದೂ ಪ್ಲೇಟಿನ ಕಡೆಗೆ ಬೆರಳು ತೋರಿಸುವುದಿಲ್ಲ. ಸವೆದ ಪ್ಲೇಟು ಕೀಲಿ ತಿರುಗಿಸಿದ ಮಾತ್ರಕ್ಕೆ ಮತ್ತೆ ದಪ್ಪವಾಗುವುದಿಲ್ಲವಷ್ಟೆ.

ವಿಷಯ ಸ್ಪಷ್ಟವಾಗಲು ಗೇರ್ ಬದಲಾಗುವಾಗ ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಆಟೋಮ್ಯಾಟಿಕ್ ಪೆಟ್ಟಿಗೆಯಲ್ಲಿ ಹಲ್ಲುಗಳು ಸದಾ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ನಡುವೆ ಸೂರ್ಯನ ಸ್ಥಾನದಲ್ಲೊಂದು ಗೇರ್, ಅದರ ಸುತ್ತ ಗ್ರಹಗಳಂತೆ ಮೂರು ನಾಲ್ಕು ಗೇರ್, ಎಲ್ಲವನ್ನೂ ಬಳಸಿಕೊಂಡು ಒಳಮುಖದ ಹಲ್ಲುಳ್ಳ ಒಂದು ಬಳೆ. ಇವುಗಳಲ್ಲಿ ಯಾವುದನ್ನು ತಿರುಗಲು ಬಿಟ್ಟು ಯಾವುದನ್ನು ಹಿಡಿದು ನಿಲ್ಲಿಸುತ್ತೇವೆ ಎನ್ನುವುದರ ಮೇಲೆ ಮೊದಲನೆಯದೋ ಎರಡನೆಯದೋ ಮೂರನೆಯದೋ ಗೇರ್ ಸಿಗುತ್ತದೆ. ಹಿಡಿಯುವುದೂ ಬಿಡುವುದೂ ಆಯಿಲಿನಲ್ಲಿ ಮುಳುಗಿರುವ ಕ್ಲಚ್ ಪ್ಲೇಟುಗಳ ಕಟ್ಟುಗಳ ಕೆಲಸ. ಆ ಕಟ್ಟುಗಳನ್ನು ಅದುಮುವುದು ಪಂಪು ಹುಟ್ಟಿಸುವ ಆಯಿಲ್ ಒತ್ತಡ. ಆ ಒತ್ತಡವನ್ನು ಯಾವ ದಾರಿಯಲ್ಲಿ, ಎಷ್ಟು, ಯಾವ ಕ್ಷಣಕ್ಕೆ ಬಿಡಬೇಕು ಎಂದು ತೀರ್ಮಾನಿಸುವುದು ಆಯಿಲಿನ ದಾರಿಗಳೂ ಕವಾಟಗಳೂ ಇರುವ ವಾಲ್ವ್ ಬಾಡಿ, ಅದರ ಮೇಲೆ ಕೂತ ಸೊಲೆನಾಯ್ಡುಗಳೆಂಬ ವಿದ್ಯುತ್ ಕವಾಟಗಳು, ಮತ್ತು ಇಂದಿನ ಗಾಡಿಗಳಲ್ಲಿ ಅವನ್ನೆಲ್ಲ ಆಳುವ ಕಂಪ್ಯೂಟರು.

ಗೇರ್ ಬದಲಾಗುವುದೆಂದರೆ ತುಂಬಿದ ಕೊಡವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿದ ಹಾಗೆ. ಒಂದು ಕ್ಲಚ್ ಬಿಡುತ್ತಾ ಬರಬೇಕು, ಇನ್ನೊಂದು ಹಿಡಿಯುತ್ತಾ ಹೋಗಬೇಕು, ಇಷ್ಟೆಲ್ಲ ಹೆಚ್ಚುಕಡಿಮೆ ಅರ್ಧ ಸೆಕೆಂಡಿನಲ್ಲಿ ಮುಗಿಯಬೇಕು. ಕೊಡುವವರು ಬಿಡುವ ಮೊದಲೇ ತೆಗೆದುಕೊಳ್ಳುವವರು ಬಿಗಿಯಾಗಿ ಹಿಡಿದರೆ ಎಳೆದಾಟವಾಗುತ್ತದೆ. ಹಿಡಿಯುವ ಮೊದಲೇ ಬಿಟ್ಟರೆ ಕೊಡ ಜಾರುತ್ತದೆ. ಮೊದಲನೆಯದರಲ್ಲಿ ಚಾಲಕನಿಗೆ ನೇರವಾಗಿ ಒಂದು ಒದೆತ ಗೊತ್ತಾಗುತ್ತದೆ. ಎರಡನೆಯದರಲ್ಲಿ ಎಂಜಿನ್ ಒಂದು ಕ್ಷಣ ಹಿಡಿತ ತಪ್ಪಿ ರೇಸ್ ಏರಿ, ಆಮೇಲೆ ಗೇರ್ ಧೊಪ್ಪೆಂದು ಕೂರುತ್ತದೆ. ಕುರ್ಚಿಯಲ್ಲಿ ಕೂತವನಿಗೆ ಎರಡೂ ಒದೆತವೇ. ಆದರೆ ರೋಗ ಬೇರೆ, ಮದ್ದು ಬೇರೆ.

ರೇಸ್ ಏರಿ ಆಮೇಲೆ ಬೀಳುವ ಒದೆತಕ್ಕೆ ಸಾಮಾನ್ಯವಾಗಿ ಒತ್ತಡ ಸಾಲದಿರುವುದು, ಸೀಲು ಗಟ್ಟಿಯಾಗಿ ಆಯಿಲ್ ಸೋರುವುದು, ಪ್ಲೇಟು ಸವೆದು ಆಯಿಲ್ ತುಂಬಬೇಕಾದ ಜಾಗ ಹಿಗ್ಗಿರುವುದು ಕಾರಣ. ಅಂಥ ಪೆಟ್ಟಿಗೆಯನ್ನು ಓಡಿಸಿದಷ್ಟೂ ಪ್ಲೇಟು ಸುಡುತ್ತದೆ; ಅದನ್ನು ಇಳಿಸಿ ಎಂದರೆ ನನ್ನ ಆಕ್ಷೇಪವಿಲ್ಲ. ರೇಸ್ ಏರದೆ ನೇರವಾಗಿ ಬೀಳುವ ಒದೆತ ಬಹುಮಟ್ಟಿಗೆ ಒತ್ತಡ ಅತಿಯಾಗಿರುವುದರ ಗುರುತು. ನಮ್ಮ ಓದುಗರು ರೇಸ್ ಏರುವುದಿಲ್ಲ ಎಂದು ತಾವಾಗಿಯೇ ಬರೆದಿದ್ದರು. ಆ ಒಂದು ಮಾತಿಗೆ ಅರ್ಧ ರೋಗನಿರ್ಣಯ ಮುಗಿದಂತಾಗಬೇಕಿತ್ತು.

ಇನ್ನು ಒತ್ತಡ ಅತಿಯಾಗುವುದು ಏಕೆ? ಇಲ್ಲಿ ಸಾಮಾನ್ಯ ತರ್ಕ ಕೈಕೊಡುತ್ತದೆ. ಯಾವುದೋ ಭಾಗ ಕೆಟ್ಟರೆ ಒತ್ತಡ ಕುಸಿಯಬೇಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಇವುಗಳನ್ನು ರೂಪಿಸಿದವರು ಬೇಕೆಂದೇ ಅದನ್ನು ತಿರುವುಮುರುವಾಗಿ ಇಟ್ಟಿದ್ದಾರೆ. ಬಹುಪಾಲು ವಿನ್ಯಾಸಗಳಲ್ಲಿ ಒತ್ತಡ ನಿಯಂತ್ರಿಸುವ ಸೊಲೆನಾಯ್ಡಿಗೆ ವಿದ್ಯುತ್ ನಿಂತುಹೋದರೆ ಒತ್ತಡ ಗರಿಷ್ಠ ಮಟ್ಟಕ್ಕೆ ಏರುತ್ತದೆ. ಕಂಪ್ಯೂಟರಿಗೆ ಯಾವುದಾದರೂ ಸೆನ್ಸರಿನ ಮಾತಿನ ಮೇಲೆ ನಂಬಿಕೆ ಹೋದಾಗಲೂ ಅದು ಇದೇ ಕೆಲಸ ಮಾಡುತ್ತದೆ. ಏಕೆಂದರೆ ಪೂರ್ತಿ ಒತ್ತಡದಲ್ಲಿ ಹಿಡಿದ ಕ್ಲಚ್ ಒದೆಯುತ್ತದೆಯೇ ಹೊರತು ಜಾರುವುದಿಲ್ಲ. ಜಾರದ ಕ್ಲಚ್ ಸುಡುವುದಿಲ್ಲ. ಕೆಲವು ದೋಷಗಳಲ್ಲಿ ಪೆಟ್ಟಿಗೆ ಒಂದೇ ಗೇರಿಗೆ ಕಚ್ಚಿಕೊಂಡು ಗಾಡಿಯನ್ನು ಮನೆ ಮುಟ್ಟಿಸುವಷ್ಟು ಓಡಿಸುತ್ತದೆ. ಇನ್ನು ಕೆಲವು ದೋಷಗಳಲ್ಲಿ ಗೇರುಗಳು ಎಂದಿನಂತೆ ಬದಲಾಗುತ್ತಲೇ ಇರುತ್ತವೆ, ಒತ್ತಡ ಮಾತ್ರ ಮೇಲೆ ನಿಂತಿರುತ್ತದೆ. ಅಂದರೆ ನಾವು ರೋಗ ಎಂದುಕೊಳ್ಳುವ ಒದೆತ ಎಷ್ಟೋ ಸಲ ಪೆಟ್ಟಿಗೆ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ. ನನ್ನನ್ನು ಕೇಳಿದರೆ, ನಯವಾಗಿ ಜಾರುತ್ತಾ ಗೇರ್ ಹಾಕುವ ಟ್ರಕ್ಕಿಗಿಂತ ಒದ್ದು ಹಾಕುವ ಟ್ರಕ್ಕನ್ನು ಗ್ಯಾರೇಜಿನವರೆಗೆ ಓಡಿಸಲು ನನಗೆ ಹೆಚ್ಚು ಧೈರ್ಯ.

ಈಗ ಓದುಗರ ಉಳಿದ ಸುಳಿವುಗಳಿಗೆ ಬರೋಣ. ಎಲ್ಲ ಗೇರುಗಳೂ ಒದೆಯುತ್ತವೆ ಎಂದರೆ ಕಾರಣ ಎಲ್ಲಕ್ಕೂ ಸಮಾನವಾದದ್ದು ಎಂದರ್ಥ: ಮುಖ್ಯ ಒತ್ತಡ, ಅದನ್ನು ಆಳುವ ಸೊಲೆನಾಯ್ಡು, ಅದಕ್ಕೆ ಹೋಗುವ ತಂತಿ, ಎಂಜಿನ್ನಿನ ಭಾರ ಎಷ್ಟಿದೆ ಎಂದು ತಿಳಿಸುವ ಸೆನ್ಸರುಗಳು, ಆಯಿಲ್. ಒಂದೇ ಒಂದು ಬದಲಾವಣೆಯಲ್ಲಿ, ಉದಾಹರಣೆಗೆ ಒಂದರಿಂದ ಎರಡಕ್ಕೆ ಹೋಗುವಾಗ ಮಾತ್ರ, ಒದೆತ ಬಿದ್ದರೆ ಆ ಕ್ಲಚ್ಚು, ಅದರ ಸೊಲೆನಾಯ್ಡು, ಅದರ ಹೊಡೆತವನ್ನು ಹೀರಿಕೊಳ್ಳಲೆಂದು ಇರಿಸಿರುವ ಸ್ಪ್ರಿಂಗು-ಪಿಸ್ಟನ್ನಿನ ಅಕ್ಯುಮುಲೇಟರು, ಇವುಗಳ ಕಡೆ ನೋಡಬೇಕು. ಆ ಸ್ಪ್ರಿಂಗು ಮುರಿದಿದ್ದರೆ ಅಥವಾ ಪಿಸ್ಟನ್ನಿನ ಸೀಲು ಹರಿದಿದ್ದರೆ ಅದೊಂದು ಗೇರ್ ಸುತ್ತಿಗೆಯೇಟಿನಂತೆ ಬೀಳುತ್ತದೆ, ಉಳಿದವು ಬೆಣ್ಣೆಯಂತಿರುತ್ತವೆ. ಎಲ್ಲ ಕ್ಲಚ್ಚುಗಳ ಪ್ಲೇಟುಗಳೂ ಮಾತಾಡಿಕೊಂಡ ಹಾಗೆ ಒಂದೇ ದಿನ ಒಂದೇ ಸಮನೆ ಸವೆಯುವುದನ್ನು ನಾನಂತೂ ನೋಡಿಲ್ಲ.

ಬಿಸಿಯಾದ ಮೇಲೆ ಮಾತ್ರ ತೊಂದರೆ, ಕೀಲಿ ತೆಗೆದು ಹಾಕಿದರೆ ಪರಿಹಾರ. ಈ ಎರಡು ಮಾತುಗಳನ್ನು ಒಟ್ಟಿಗೆ ಓದಬೇಕು. ಕಂಪ್ಯೂಟರು ದೋಷ ಕಂಡು ರಕ್ಷಣೆಯ ಸ್ಥಿತಿಗೆ ಹೋದರೆ ಹಲವು ಗಾಡಿಗಳಲ್ಲಿ ಕೀಲಿ ಮುಚ್ಚುವವರೆಗೆ ಅಲ್ಲಿಯೇ ಇರುತ್ತದೆ. ಮತ್ತೆ ಚಾಲೂ ಮಾಡಿದಾಗ ಹೊಸದಾಗಿ ಪರೀಕ್ಷೆ ಮಾಡಿ, ಆ ಕ್ಷಣಕ್ಕೆ ದೋಷ ಕಾಣದಿದ್ದರೆ ಎಂದಿನಂತೆ ನಡೆಯುತ್ತದೆ. ಬಿಸಿಯಾದಾಗ ಕಾಣಿಸಿಕೊಂಡು ತಣ್ಣಗಾದಾಗ ಮಾಯವಾಗುವುದು ವಿದ್ಯುತ್ ಜೋಡಣೆಗಳ ಹಳೆಯ ಚಾಳಿ. ಸೊಲೆನಾಯ್ಡಿನ ಸುರುಳಿ ತಾಮ್ರದ್ದು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಹತ್ತಿರ ಹತ್ತಿರ ನೂರಕ್ಕೆ 0.4ರಷ್ಟು ಏರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ಓಮ್ ತೋರಿಸುವ ಸುರುಳಿ 100 ಡಿಗ್ರಿಯಲ್ಲಿ 6.5 ಓಮ್ ದಾಟುತ್ತದೆ. ಇದು ಸಹಜ, ಕಂಪ್ಯೂಟರಿಗೂ ಇದರ ಲೆಕ್ಕ ಗೊತ್ತು. ಆದರೆ ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟ ಸುರುಳಿ ಬಿಸಿಗೆ ಹಿಗ್ಗಿದಾಗ ಪೂರ್ತಿ ಕಡಿದುಹೋಗುತ್ತದೆ, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಆದ್ದರಿಂದ ಬೆಳಗ್ಗೆ ತಣ್ಣಗಿರುವಾಗ ಮೀಟರು ಹಿಡಿದು ಸೊಲೆನಾಯ್ಡು ಚೆನ್ನಾಗಿದೆ ಎಂದು ಹೇಳಿದರೆ ಅದಕ್ಕೆ ಅರ್ಥವಿಲ್ಲ. ಗಾಡಿ ಒದೆಯುತ್ತಿರುವಾಗಲೇ ಅಳೆಯಬೇಕು.

ನನ್ನ ಕೈಗೆ ಬಂದ ಒಂದು ಟ್ರಕ್ಕಿನ ಸಂಗತಿ ಇಲ್ಲಿ ಹೇಳಲೇಬೇಕು. ಅದು ಬೇರೆಲ್ಲೋ ಎರಡು ಸಲ ಓವರ್‌ಹಾಲ್ ಆಗಿ, ಎರಡು ಸಲವೂ ಅದೇ ಒದೆತ ಉಳಿಸಿಕೊಂಡು ಬಂದಿತ್ತು. ನಾನು ಗಾಡಿಯ ಕೆಳಗೆ ಮಲಗಿ ಪೆಟ್ಟಿಗೆಯ ಪಕ್ಕದಲ್ಲಿರುವ ದೊಡ್ಡ ವಿದ್ಯುತ್ ಪ್ಲಗ್ಗನ್ನು ತಿರುಗಿಸಿ ಎಳೆದೆ. ಒಳಗಿನಿಂದ ಎರಡು ಹನಿ ಕೆಂಪು ಆಯಿಲ್ ನನ್ನ ಮುಂಗೈ ಮೇಲೆ ಬಿತ್ತು. ಆ ಪ್ಲಗ್ಗಿನ ಒಳಗೆ ಆಯಿಲಿಗೆ ಏನು ಕೆಲಸ? ಪ್ಲಗ್ಗು ಕೂರುವ ತೂತಿನ ರಬ್ಬರ್ ರಿಂಗು ಚಪ್ಪಟೆಯಾಗಿ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿತ್ತು. ಅದರ ಸಂದಿನಿಂದ ಜಿನುಗಿದ ಆಯಿಲ್ ಪಿನ್ನುಗಳ ನಡುವೆ ತುಂಬಿ, ಅಲ್ಲಿಂದ ತಂತಿಯ ಹೊದಿಕೆಯೊಳಗೆ ತಾಮ್ರದ ಎಳೆಗಳ ಸಂದಿನಲ್ಲಿ, ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಏರುತ್ತಾ ಹೋಗಿ, ಕಂಪ್ಯೂಟರಿನ ಡಬ್ಬಿಯವರೆಗೂ ಮುಟ್ಟಿತ್ತು. ಡಬ್ಬಿಯ ಕಡೆಯ ಪ್ಲಗ್ಗು ಎಳೆದರೆ ಅಲ್ಲಿಯೂ ಅದೇ ಕೆಂಪು. ಆಯಿಲ್ ತಾನಾಗಿ ವಿದ್ಯುತ್ ಹರಿಸುವುದಿಲ್ಲ ನಿಜ. ಆದರೆ ಅದರಲ್ಲಿ ತೇಲುವ ಲೋಹದ ನುಣ್ಣನೆ ಪುಡಿ ಪಿನ್ನಿನಿಂದ ಪಿನ್ನಿಗೆ ದಾರಿ ಮಾಡಿಕೊಡುತ್ತದೆ. ಜತೆಗೆ ಒಂದು ಪಿನ್ನಿನ ಹಿಡಿತವೂ ಸಡಿಲಾಗಿತ್ತು. ಹೊಸ ರಿಂಗು ಹಾಕಿ, ಎರಡೂ ಕಡೆ ಸ್ವಚ್ಛ ಮಾಡಿ ಒಣಗಿಸಿ, ಆ ಪಿನ್ನು ಬದಲಿಸಿದ ಮೇಲೆ ಗಾಡಿ ಒದೆಯಲಿಲ್ಲ. ಎರಡು ಓವರ್‌ಹಾಲಿನಲ್ಲೂ ಅದೇ ಪ್ಲಗ್ಗನ್ನು ಬಿಚ್ಚಿ ಹಾಕಿದ್ದರಲ್ಲ, ಯಾರೂ ಒಳಗೆ ಇಣುಕಿರಲಿಲ್ಲವೇ ಎಂದು ನನಗೆ ಇಂದಿಗೂ ಆಶ್ಚರ್ಯ.

ವಿದ್ಯುತ್ತಿನ ಮಾತು ಬಂದಿರುವುದರಿಂದ ಕಂಪ್ಯೂಟರು ಬರೆದಿಟ್ಟ ದೋಷದ ಕೋಡುಗಳನ್ನು ಓದುವ ಸ್ಕ್ಯಾನರಿನ ಬಗ್ಗೆ ಒಂದೆರಡು ಮಾತು. ಲಘು ಟ್ರಕ್ಕುಗಳಲ್ಲಿ ಪಿ0700 ಎಂಬ ಕೋಡು ಬಂತೆಂದರೆ ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಗಾಬರಿಯಾಗುವವರಿದ್ದಾರೆ. ಆ ಕೋಡಿನ ಅರ್ಥ ಇಷ್ಟೇ: ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಏನೋ ಬರೆದಿಟ್ಟಿದೆ, ಅಲ್ಲಿ ಹೋಗಿ ಓದಿ. ಎಂಜಿನ್ನಿನ ಕಂಪ್ಯೂಟರನ್ನು ಮಾತ್ರ ಓದಬಲ್ಲ ಅಗ್ಗದ ಉಪಕರಣ ಅಲ್ಲಿಗೇ ನಿಂತುಬಿಡುತ್ತದೆ. ಒಳಗೆ ಪಿ0748 ಇದ್ದರೆ ಒತ್ತಡ ನಿಯಂತ್ರಿಸುವ ಸೊಲೆನಾಯ್ಡಿನ ವಿದ್ಯುತ್ ದೋಷ, ಪಿ0715 ಇದ್ದರೆ ಒಳಬರುವ ಶಾಫ್ಟಿನ ವೇಗ ತಿಳಿಸುವ ಸೆನ್ಸರಿನ ಸರ್ಕ್ಯೂಟು, ಪಿ0720 ಇದ್ದರೆ ಹೊರಹೋಗುವ ಶಾಫ್ಟಿನದು, ಪಿ0730 ಇದ್ದರೆ ಗೇರಿನ ಅನುಪಾತ ಲೆಕ್ಕಕ್ಕೆ ಕೂಡುತ್ತಿಲ್ಲ ಎಂದು. ಕೊನೆಯದು ಮಾತ್ರ ಜಾರುವಿಕೆಯನ್ನು ನೆನಪಿಸುತ್ತದೆ. ದೊಡ್ಡ ಟ್ರಕ್ಕುಗಳಲ್ಲಿ ಇದೇ ಮಾಹಿತಿ ಜೆ1939 ಎಂಬ ಭಾರಿ ವಾಹನಗಳ ಸಂವಹನ ಪದ್ಧತಿಯಲ್ಲಿ ಬೇರೆ ಅಂಕಿಗಳಾಗಿ ಬರುತ್ತದೆ. ಅಲಿಸನ್ ಕಂಪನಿಯ ಪೆಟ್ಟಿಗೆಯ, ಗೇರ್ ಆರಿಸುವ ಗುಂಡಿಗಳಿರುವ ಸೆಲೆಕ್ಟರಿನಲ್ಲಾದರೆ ಮೇಲಿನ ಮತ್ತು ಕೆಳಗಿನ ಬಾಣದ ಗುರುತಿನ ಗುಂಡಿಗಳನ್ನು ಒಟ್ಟಿಗೆ ಒತ್ತಿ ಆಯಿಲಿನ ಮಟ್ಟವನ್ನೂ ಕೋಡುಗಳನ್ನೂ ಚಾಲಕನೇ ನೋಡಬಹುದು. ಕೋಡು ಸಿಕ್ಕಿತೆಂದು ಆ ಹೆಸರಿನ ಭಾಗವನ್ನು ಬದಲಿಸಿಬಿಡುವುದೂ ತಪ್ಪೇ. ಕೋಡು ತಿಳಿಸುವುದು ಸರ್ಕ್ಯೂಟಿನ ದೋಷ. ಸರ್ಕ್ಯೂಟಿನಲ್ಲಿ ತಂತಿಯೂ ಇದೆ, ಪ್ಲಗ್ಗೂ ಇದೆ, ವಿದ್ಯುತ್ ಬ್ಯಾಟರಿಗೆ ಮರಳುವ ದಾರಿಯಾದ ಅರ್ಥಿಂಗೂ ಇದೆ.

ಅರ್ಥಿಂಗಿಗೆ ಸಿಗಬೇಕಾದ ಮರ್ಯಾದೆ ಸಿಗುತ್ತಿಲ್ಲ ಎನ್ನುವುದು ನನ್ನ ಬಹುಕಾಲದ ದೂರು. ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ತಂತಿ ಹಸಿರು ಹಿಡಿದು ಅರ್ಧ ಎಳೆ ಕಿತ್ತುಹೋಗಿದ್ದರೂ ಗಾಡಿ ಚಾಲೂ ಆಗುತ್ತದೆ, ದೀಪ ಉರಿಯುತ್ತದೆ, ಹಾಗಾಗಿ ಯಾರೂ ಅದರ ಕಡೆ ನೋಡುವುದಿಲ್ಲ. ಎಂಜಿನ್ ಓಡುತ್ತಿರುವಾಗ ದೀಪಗಳನ್ನೆಲ್ಲ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಗೇರ್‌ಬಾಕ್ಸಿನ ಬರಿ ಲೋಹಕ್ಕೂ ಹಿಡಿದು ನೋಡಬೇಕು, 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದಾರಿಯಲ್ಲಿ ಎಲ್ಲೋ ಅಡಚಣೆ ಇದೆ. ಆಲ್ಟರ್ನೇಟರಿನ ಡಯೋಡು ಹೋದರೂ ಹೀಗೆಯೇ: ಬ್ಯಾಟರಿ ಚಾರ್ಜ್ ಆಗುತ್ತಲೇ ಇರುತ್ತದೆ, ಆದರೆ ನೇರ ವಿದ್ಯುತ್ತಿನ ಮೇಲೆ ಅಲೆಯಲೆಯಾಗಿ ಎಸಿ ಸೇರಿಕೊಂಡು ವೇಗದ ಸೆನ್ಸರುಗಳ ಸಂಕೇತವನ್ನು ಕಲಕುತ್ತದೆ. ಇವೆರಡನ್ನೂ ನೋಡಲು ಹತ್ತು ನಿಮಿಷ ಸಾಕು.

ಆಯಿಲಿನ ವಿಷಯ ಎಲ್ಲರೂ ಮೊದಲು ಹೇಳುವಂಥದ್ದು, ಆದರೆ ಸರಿಯಾಗಿ ನೋಡುವವರು ಕಡಿಮೆ. ಆಯಿಲ್ 70 ಡಿಗ್ರಿಯಷ್ಟು ಬಿಸಿಯೇರಿದರೆ ನೂರಕ್ಕೆ ಐದು ಪಾಲಿನಷ್ಟು ಹಿಗ್ಗುತ್ತದೆ; ಇಪ್ಪತ್ತು ಲೀಟರ್ ಹಿಡಿಯುವ ಪೆಟ್ಟಿಗೆಯಲ್ಲಿ ಅದು ಒಂದು ಲೀಟರಿನ ವ್ಯತ್ಯಾಸ. ತಣ್ಣಗಿರುವಾಗ, ಆಯಿಲಿನ ಮಟ್ಟ ನೋಡುವ ಕಡ್ಡಿಯ ಬಿಸಿ ಗೆರೆಯವರೆಗೆ ತುಂಬಿದವರು ಓಡುವಾಗ ಒಂದು ಲೀಟರ್ ಹೆಚ್ಚಿಗೆ ತುಂಬಿದ್ದಾರೆ ಎಂದೇ ಲೆಕ್ಕ. ಆಗ ತಿರುಗುವ ಗೇರುಗಳು ಆಯಿಲನ್ನು ಕಡೆದು ನೊರೆಯೆಬ್ಬಿಸುತ್ತವೆ. ನೊರೆಯನ್ನು ಅದುಮಿದರೆ ಕುಗ್ಗುತ್ತದೆ, ಆಯಿಲ್ ಕುಗ್ಗುವುದಿಲ್ಲ. ಹೀಗಾಗಿ ಕ್ಲಚ್ ತಡವಾಗಿ ತುಂಬಿ, ತಡವಾದದ್ದಕ್ಕೆ ಧಡಕ್ಕನೆ ಹಿಡಿಯುತ್ತದೆ. ಕಡಿಮೆಯಾದರೂ ಇದೇ ಫಲ, ಅಲ್ಲಿ ಪಂಪು ಆಯಿಲಿನ ಜತೆ ಗಾಳಿ ಎಳೆಯುತ್ತದೆ. ಸಮತಟ್ಟಾದ ನೆಲ, ತಯಾರಕರು ಹೇಳಿದ ಬಿಸಿ, ಬಹಳಷ್ಟು ಪೆಟ್ಟಿಗೆಗಳಲ್ಲಿ ಎಂಜಿನ್ ಓಡುತ್ತಿರುವ ಸ್ಥಿತಿ, ಈ ಮೂರೂ ಕೂಡದೆ ಕಡ್ಡಿ ಎಳೆದು ನೋಡಿದರೆ ಅದು ನೋಡಿದಂತಲ್ಲ. ಬಣ್ಣವನ್ನು ನಂಬಿಯೂ ತೀರ್ಪು ಕೊಡಬಾರದು. ಕೆಲವು ಆಯಿಲುಗಳು ಬೇಗ ಕಪ್ಪಾಗುತ್ತವೆ, ಕೆಲವಕ್ಕೆ ಕೆಂಪು ಬಣ್ಣವೇ ಇರುವುದಿಲ್ಲ. ಸುಟ್ಟ ವಾಸನೆಗೆ ಮಾತ್ರ ಎರಡನೆಯ ಅರ್ಥವಿಲ್ಲ. ಆಯಿಲ್ ಹಾಲು ಬೆರೆಸಿದ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ತೂತಾಗಿ ಕೂಲೆಂಟ್ ಸೇರಿದೆ ಎಂದು ತಿಳಿಯಬೇಕು. ಅದು ಪ್ಲೇಟಿಗೆ ಪದರ ಅಂಟಿಸಿದ ಅಂಟನ್ನೇ ಬಿಡಿಸುತ್ತದೆ, ಅಲ್ಲಿ ಮಾತ್ರ ಪೆಟ್ಟಿಗೆ ಬಿಚ್ಚದೆ ಗತಿಯಿಲ್ಲ.

ಯಾವ ಆಯಿಲ್ ಎನ್ನುವುದು ಎಷ್ಟು ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಇದು ಬರೀ ಜಾರುವಿಕೆಗೆಂದು ಮಾಡಿದ ದ್ರವವಲ್ಲ. ಪ್ಲೇಟು ಹಿಡಿಯುವ ಕೊನೆಯ ಗಳಿಗೆಯಲ್ಲಿ ಎಷ್ಟು ಘರ್ಷಣೆ ಇರಬೇಕು ಎಂಬುದನ್ನು ಅದರಲ್ಲಿ ಬೆರೆಸಿದ ರಾಸಾಯನಿಕಗಳು ನಿರ್ಧರಿಸುತ್ತವೆ. 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಈ ಕೆಲಸಕ್ಕೆ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರೆಂದರೆ ಇಂದಿನವರು ನಂಬಲಿಕ್ಕಿಲ್ಲ. ಅದೇ ಕಾಲದಲ್ಲಿ ಫೋರ್ಡ್ ಕಂಪನಿಯ ಟೈಪ್ ಎಫ್ ದ್ರವದಲ್ಲಿ ಇಂಥ ನಯಕಾರಕಗಳಿರಲಿಲ್ಲ, ಜನರಲ್ ಮೋಟಾರ್ಸಿನ ಡೆಕ್ಸ್ರಾನ್‌ನಲ್ಲಿದ್ದವು. ಹಾಗಾಗಿ ಡೆಕ್ಸ್ರಾನ್ ಬೇಡುವ ಪೆಟ್ಟಿಗೆಗೆ ಟೈಪ್ ಎಫ್ ಹಾಕಿದರೆ ಗೇರ್ ಗಡುಸಾಗಿ ಬೀಳುತ್ತಿತ್ತು, ಪಂದ್ಯದ ಕಾರಿನವರು ಬೇಕೆಂದೇ ಹಾಗೆ ಹಾಕುತ್ತಿದ್ದರು. ಹೆಸರುಗಳು ಬದಲಾಗಿವೆ, ಸಂಗತಿ ಬದಲಾಗಿಲ್ಲ. ಇತ್ತೀಚೆಗೆ ಆಯಿಲ್ ಬದಲಿಸಿದ ಮೇಲೆ ಒದೆತ ಶುರುವಾಯಿತು ಎನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಡಬ್ಬ ಎಲ್ಲಿದೆ ಎಂದು.

ಪೆಟ್ಟಿಗೆಯ ಹೊರಗೇ ಹುಟ್ಟಿ ಪೆಟ್ಟಿಗೆಯ ತಲೆಗೆ ಕಟ್ಟಿದ ಒದೆತಗಳದು ಇನ್ನೊಂದು ಕಥೆ. ಒಂದು ಟ್ರಕ್ಕು ಬ್ರೇಕು ಹಾಕಿ ಪೂರ್ತಿ ನಿಂತು, ಒಂದು ಉಸಿರಿನಷ್ಟು ಹೊತ್ತಾದ ಮೇಲೆ ಹಿಂದಿನಿಂದ ಗುದ್ದಿದ ಹಾಗೆ ಕುಲುಕುತ್ತಿತ್ತು. ಚಾಲಕ ಕನ್ನಡಿಯಲ್ಲಿ ಹಿಂದೆ ನೋಡುವುದನ್ನೇ ಅಭ್ಯಾಸ ಮಾಡಿಕೊಂಡಿದ್ದ, ಯಾರೋ ಗುದ್ದಿದರೇನೋ ಎಂದು. ಎರಡರಿಂದ ಒಂದಕ್ಕೆ ಗೇರ್ ಇಳಿಯುವುದೂ ಅದೇ ಹೊತ್ತಿಗಾದ್ದರಿಂದ ಎಲ್ಲರೂ ಗೇರ್‌ಬಾಕ್ಸ್ ಎಂದೇ ತೀರ್ಮಾನಿಸಿದ್ದರು. ನಾನು ಪ್ರೊಪೆಲ್ಲರ್ ಶಾಫ್ಟು ಉದ್ದ ಗಿಡ್ಡ ಆಗಲೆಂದು ಇರುವ ಜಾರು ಜೋಡಣೆಯ ಮೇಲೆ ಕೈ ಸವರಿ ನೋಡಿದೆ. ಗ್ರೀಸು ಒಣಗಿ ಹುಡಿಯಾಗಿತ್ತು. ಬ್ರೇಕು ಹಾಕಿದಾಗ ಹಿಂದಿನ ಕಮಾನು ಪಟ್ಟಿಗಳು ತಿರುಚಿಕೊಂಡು, ಗಾಡಿ ನಿಂತ ಮೇಲೆ ಬಿಚ್ಚಿಕೊಳ್ಳುತ್ತವೆ. ಆಗ ಶಾಫ್ಟು ಒಂದಿಷ್ಟು ಜಾರಬೇಕು. ಒಣಗಿದ ಹಲ್ಲುಗಳು ಮೊದಲು ಕಚ್ಚಿಹಿಡಿದು ಆಮೇಲೆ ಒಮ್ಮೆಲೇ ಬಿಡುತ್ತವೆ, ಗುದ್ದು ಬೀಳುತ್ತದೆ. ಶಾಫ್ಟು ಕಳಚಿ, ಹಲ್ಲುಗಳನ್ನು ಒರೆಸಿ, ಗ್ರೀಸು ತುಂಬಿ ಹಾಕಿದ್ದಷ್ಟೇ ರಿಪೇರಿ. ಯೂನಿವರ್ಸಲ್ ಜಾಯಿಂಟಿನ ಕ್ರಾಸು ಸವೆದಿದ್ದರೂ, ಗೇರ್‌ಬಾಕ್ಸಿನ ರಬ್ಬರ್ ಮೌಂಟಿಂಗು ಹರಿದಿದ್ದರೂ, ಕಮಾನಿನ ಯು-ಬೋಲ್ಟು ಸಡಿಲಾಗಿದ್ದರೂ ಇಂಥದೇ ಗುದ್ದು. ಭಾರ ಎಳೆಯುವಾಗ ಒತ್ತಬೇಕಾದ ಟೋ-ಹಾಲ್ ಗುಂಡಿ ಒತ್ತಿದ ಹಾಗೆಯೇ ಮರೆತು ಬಿಟ್ಟು, ಖಾಲಿ ಗಾಡಿ ಗಡುಸಾಗಿ ಗೇರ್ ಹಾಕುತ್ತದೆ ಎಂದು ಬಂದವರನ್ನೂ ನೋಡಿದ್ದೇನೆ.

ಎಂಜಿನ್ನಿನ ತಪ್ಪಿಗೂ ಗೇರ್‌ಬಾಕ್ಸ್ ಬೈಸಿಕೊಳ್ಳುತ್ತದೆ. ಎಷ್ಟು ಒತ್ತಡ ಬೇಕು ಎಂದು ಕಂಪ್ಯೂಟರು ಲೆಕ್ಕ ಹಾಕುವುದು ಎಂಜಿನ್ ಎಷ್ಟು ಬಲ ಕೊಡುತ್ತಿದೆ ಎಂಬುದರ ಮೇಲೆ. ಗಾಳಿಯ ಪ್ರಮಾಣ ಅಳೆಯುವ ಸೆನ್ಸರು ಕೊಳೆಯಾಗಿ ತಪ್ಪು ಹೇಳಿದರೆ, ಟರ್ಬೋ ಕೊಳವೆ ಸೀಳಿ ಪಿಕಪ್ ಕಡಿಮೆಯಾಗಿ ಚಾಲಕ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದರೆ, ಆ ಲೆಕ್ಕ ಹಳಿ ತಪ್ಪುತ್ತದೆ. ಮೇಲಿನ ಗೇರಿಗೆ ಹೋಗುವ ಗಳಿಗೆಯಲ್ಲಿ ಗೇರ್‌ಬಾಕ್ಸಿನ ಕಂಪ್ಯೂಟರು ಎಂಜಿನ್ನಿನ ಕಂಪ್ಯೂಟರನ್ನು ಒಂದು ಕ್ಷಣ ಬಲ ತಗ್ಗಿಸು ಎಂದು ಕೇಳುತ್ತದೆ. ಇವೆರಡರ ನಡುವಿನ ಸಂಪರ್ಕದ ತಂತಿ ಕೆಟ್ಟರೆ ಆ ಕೋರಿಕೆ ಮುಟ್ಟುವುದೇ ಇಲ್ಲ, ಪೂರ್ತಿ ಬಲದ ಮೇಲೆಯೇ ಗೇರ್ ಬೀಳುತ್ತದೆ. ಕಂಪ್ಯೂಟರಿಲ್ಲದ ಹಳೆಯ ಗಾಡಿಗಳಲ್ಲಿ ಎಂಜಿನ್ನಿನ ಭಾರ ತಿಳಿಸುವ ಕೆಲಸವನ್ನು ಎಂಜಿನ್ನಿನ ನಿರ್ವಾತದಿಂದ ನಡೆಯುವ ಮಾಡ್ಯುಲೇಟರೋ ಥ್ರಾಟಲ್ ಕೇಬಲ್ಲೋ ಮಾಡುತ್ತಿತ್ತು. ಅಲ್ಲಿ ಮಾಡ್ಯುಲೇಟರಿನ ರಬ್ಬರ್ ಕೊಳವೆ ಒಡೆದಿದ್ದರೆ ಗೇರ್ ತಡವಾಗಿ, ಗಡುಸಾಗಿ ಬೀಳುತ್ತಿತ್ತು.

ಬ್ಯಾಟರಿ ತೆಗೆದು ಹಾಕಿದ ಮೇಲೆ ಅಥವಾ ಓವರ್‌ಹಾಲ್ ಆದ ಮೇಲೆ ಒದೆಯುವ ಪೆಟ್ಟಿಗೆಗಳಿಗೆ ಇನ್ನೊಂದು ಕಾರಣವಿದೆ. ಪ್ರತಿ ಕ್ಲಚ್ಚು ತುಂಬಲು ಎಷ್ಟು ಹೊತ್ತು ಬೇಕು ಎಂದು ಕಂಪ್ಯೂಟರು ಓಡುತ್ತಾ ಓಡುತ್ತಾ ಕಲಿತು ನೆನಪಿಟ್ಟುಕೊಂಡಿರುತ್ತದೆ. ಹೊಸ ಪ್ಲೇಟು ಹಾಕಿ ಹಳೆಯ ನೆನಪನ್ನು ಹಾಗೆಯೇ ಬಿಟ್ಟರೆ, ಸವೆದ ಕ್ಲಚ್ಚಿಗೆ ಬೇಕಿದ್ದಷ್ಟು ಆಯಿಲನ್ನು ಬಿಗಿಯಾದ ಕ್ಲಚ್ಚಿಗೂ ಕಳಿಸಿ ಒದೆಯುತ್ತದೆ. ನೆನಪು ಅಳಿಸಿದ ಮೇಲೂ ಬೇರೆ ಬೇರೆ ಆಕ್ಸಿಲರೇಟರ್ ಒತ್ತಿನಲ್ಲಿ, ಆಯಿಲ್ ಬಿಸಿಯಾದ ಸ್ಥಿತಿಯಲ್ಲಿ, ಎಲ್ಲ ಗೇರುಗಳಲ್ಲೂ ಹಲವು ಸಲ ಓಡಿಸಿದರೇನೇ ಅದು ಹೊಸದಾಗಿ ಕಲಿಯುವುದು. ಆದರೆ ಕಾರಣ ಹುಡುಕದೆ ನೆನಪನ್ನು ಮಾತ್ರ ಅಳಿಸಿ ಗಾಡಿ ಕೊಟ್ಟು ಕಳಿಸುವುದು ಸರಿಯಲ್ಲ. ನಾಲ್ಕು ದಿನ ಚೆನ್ನಾಗಿದ್ದು ಐದನೆಯ ದಿನ ಅದೇ ಒದೆತ ಮರಳುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಒದೆತ ನಿಲ್ಲದಿದ್ದರೆ ಒತ್ತಡದ ಗೇಜು ಹಾಕಬೇಕು. ಇದನ್ನು ನಾನು ತೀರ್ಪಿನ ಪರೀಕ್ಷೆ ಎಂದು ಪರಿಗಣಿಸುತ್ತೇನೆ. 300 ಪಿಎಸ್‌ಐ, ಅಂದರೆ ಸುಮಾರು 20 ಬಾರ್‌ವರೆಗೆ ಅಳೆಯುವ ಗೇಜನ್ನು ಪೆಟ್ಟಿಗೆಯ ಪರೀಕ್ಷಾ ತೂತಿಗೆ ಜೋಡಿಸಿ, ಸ್ಕ್ಯಾನರಿನಲ್ಲಿ ಕಂಪ್ಯೂಟರು ಎಷ್ಟು ಒತ್ತಡ ಕೇಳುತ್ತಿದೆ ಎಂದೂ ಗೇಜಿನಲ್ಲಿ ನಿಜವಾಗಿ ಎಷ್ಟಿದೆ ಎಂದೂ ಪಕ್ಕಪಕ್ಕದಲ್ಲಿ ನೋಡಬೇಕು. ಕಂಪ್ಯೂಟರೇ ಹೆಚ್ಚು ಕೇಳುತ್ತಿದ್ದರೆ ತಪ್ಪು ಪೆಟ್ಟಿಗೆಯದಲ್ಲ, ಅದಕ್ಕೆ ಸುದ್ದಿ ಕೊಡುವವರದು. ಅದು ಕಡಿಮೆ ಕೇಳುತ್ತಿದ್ದೂ ಗೇಜು ಮೇಲೇರಿದ್ದರೆ ಸೊಲೆನಾಯ್ಡಾಗಲಿ ಒತ್ತಡದ ವಾಲ್ವಾಗಲಿ ಕಚ್ಚಿಕೊಂಡಿದೆ; ಅಲ್ಯೂಮಿನಿಯಂ ಕೊರೆತದೊಳಗೆ ಆಡುವ ವಾಲ್ವುಗಳಿಗೆ ಇದು ಸಾಮಾನ್ಯ, ಮತ್ತು ಬಹಳಷ್ಟು ಗಾಡಿಗಳಲ್ಲಿ ಪೆಟ್ಟಿಗೆ ಇಳಿಸದೆ, ಅದರ ತಳದ ಆಯಿಲ್ ತಟ್ಟೆಯಾದ ಚೇಂಬರ್ ಮಾತ್ರ ಕಳಚಿ ವಾಲ್ವ್ ಬಾಡಿಯನ್ನು ತೆಗೆಯಬಹುದು. ಕೇಳಿದ್ದೂ ಕಂಡದ್ದೂ ಒಂದೇ ಆಗಿದ್ದು, ಒಂದು ಗೇರ್ ಮಾತ್ರ ಒದೆಯುತ್ತಿದ್ದರೆ, ಆಗ ಆ ಕ್ಲಚ್ಚಿನ ಸರದಿ. ಚೇಂಬರ್ ಕಳಚಿದಾಗ ಅದರೊಳಗಿನ ಆಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರಿದ್ದರೆ ಅದು ವಯಸ್ಸಿನ ಗುರುತಷ್ಟೆ. ಉಗುರಿಗೆ ಸಿಗುವಂಥ ಹೊಳೆಯುವ ಚೂರುಗಳೋ ಪ್ಲೇಟಿನ ಕಪ್ಪು ಪದರದ ತುಣುಕುಗಳೋ ಇದ್ದರೆ ಮಾತ್ರ ಅಂಕಣಕಾರರ ಉತ್ತರಕ್ಕೆ ನಾನು ಸಹಿ ಹಾಕುತ್ತೇನೆ. ಬ್ರೇಕು ತುಳಿದು ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡುವ ಸ್ಟಾಲ್ ಪರೀಕ್ಷೆಯನ್ನು ಒದೆತಕ್ಕೆಂದು ಯಾರೂ ಮಾಡಬೇಡಿ. ಅದು ಜಾರುವಿಕೆ ಹುಡುಕುವ ಪರೀಕ್ಷೆ. ಐದು ಸೆಕೆಂಡು ಮೀರಿದರೆ ಆಯಿಲ್ ಮಿತಿಮೀರಿ ಬಿಸಿಯಾಗುತ್ತದೆ, ಗಾಡಿ ಮುಂದೆ ನೆಗೆದರೆ ಎದುರಿಗಿದ್ದವರ ಪ್ರಾಣಕ್ಕೆ ಸಂಚಕಾರ.

ಬಿಚ್ಚಬೇಡಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ವೆಚ್ಚವೊಂದೇ ಕಾರಣವಲ್ಲ. ಇಳಿಸಿ ಮೇಜಿನ ಮೇಲಿಟ್ಟ ಪೆಟ್ಟಿಗೆ ಒದೆಯುವುದಿಲ್ಲ, ಬಿಸಿಯಾಗುವುದಿಲ್ಲ, ಕೋಡು ಬರೆಯುವುದಿಲ್ಲ. ಯಾವ ಗೇರಿನಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ಒತ್ತಡದಲ್ಲಿ ತೊಂದರೆಯಾಗುತ್ತಿತ್ತು ಎನ್ನುವ ಸಾಕ್ಷ್ಯವೆಲ್ಲ ಅದು ಗಾಡಿಯ ಮೇಲೆ ಓಡುತ್ತಿರುವಾಗ ಮಾತ್ರ ಸಿಗುವಂಥದ್ದು.

ಅಂಕಣಕ್ಕೆ ಪ್ರಶ್ನೆ ಕಳಿಸಿದ ಓದುಗರು ಇನ್ನೂ ಗೇರ್‌ಬಾಕ್ಸ್ ಇಳಿಸಿರದಿದ್ದರೆ, ಅವರಿಗೆ ತಮ್ಮ ಪತ್ರಿಕೆಯ ಮೂಲಕ ಒಂದು ಮಾತು ತಲುಪಿಸಬೇಕೆಂದು ಕೋರುತ್ತೇನೆ. ಗೇರ್‌ಬಾಕ್ಸಿನ ಕಂಪ್ಯೂಟರನ್ನು ಓದಬಲ್ಲ ಸ್ಕ್ಯಾನರ್ ಇರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಡಲಿ. ಬಿಸಿಯೇರಿ ಒದೆಯಲು ಶುರುವಾದ ಮೇಲೆ ಗಾಡಿಯನ್ನು ಬದಿಗೆ ನಿಲ್ಲಿಸಲಿ, ಆದರೆ ಎಂದಿನಂತೆ ಕೀಲಿ ತೆಗೆಯದಿರಲಿ. ಎಂಜಿನ್ ಓಡುತ್ತಿರುವಾಗಲೇ ಕೋಡುಗಳನ್ನೂ, ಸೊಲೆನಾಯ್ಡಿಗೆ ಹೋಗುತ್ತಿರುವ ವಿದ್ಯುತ್ತನ್ನೂ, ಆಯಿಲಿನ ಬಿಸಿಯನ್ನೂ ಬರೆದುಕೊಳ್ಳಲಿ. ಅದಾದ ಮೇಲೆ ಕೀಲಿ ಮುಚ್ಚಿ, ಪೆಟ್ಟಿಗೆ ಕೈ ಸುಡದಷ್ಟು ತಣಿಯಲು ಬಿಟ್ಟು, ಪಕ್ಕದ ಆ ಪ್ಲಗ್ಗನ್ನು ಎಳೆದು ಒಳಗೆ ಬೆಳಕು ಬಿಟ್ಟು ನೋಡಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗೇರ್‌ಬಾಕ್ಸ್ ಮೆಕ್ಯಾನಿಕ್, ತಮ್ಮ ಪತ್ರಿಕೆಯ ಓದುಗ